ನಾರಿನಿಂದ ಹೊಲಿದ ನೌಕೆಯೂ ನಮ್ಮ ಹೊಣೆಯೂ

1817 ನೆಯ ಇಸವಿಯ ಅಕ್ಟೋಬರ 12 ನೆಯ ತಾರೀಖಿಗೆ ಮುಂಬಯಿಯ ಹಡಗುಕಟ್ಟೆಯಿಂದ ಒಂದು ಯುದ್ಧನೌಕೆಯು ಸಮುದ್ರಕ್ಕೆ ಇಳಿಯಿತು. ಕಟ್ಟಿಸಿದವರು ಬ್ರಿಟಿಶ ನೌಕಾಖಾತೆಯವರು. ಕಟ್ಟಿದವರು ವಾಡಿಯಾ ಮನೆತನದ ಪಾರ್ಶಿ ಯಜಮಾನರಾದ ಜಮಶೇಟಜಿ ಬೊಮನಜಿಯವರು ಮತ್ತು ಅವರ ಕೈಕೆಳಗಿನ ಬಡಗಿಗಳು. ಮರವು ಮಲಬಾರದ ಸಾಗುವಾನಿ. ನೆಪೋಲಿಯನ್ನನ ಕಾಲದ ಯುದ್ಧಗಳಲ್ಲಿ ಇಂಗ್ಲಂಡದ ಓಕ್ ಮರವೆಲ್ಲ ತೀರುತ್ತ ಬಂದುದರಿಂದ ಆ ರಾಜ್ಯವು ನಮ್ಮ ಮರಕ್ಕೂ ನಮ್ಮವರ ಕೈಗೂ ಮೊರೆಹೊಗಬೇಕಾಯಿತು. ಆ ಹಡಗಿಗೆ ಸಿಂಹಳದ ಬಂದರಿನ ಮೇಲಿಂದ 'ಟ್ರಿಂಕೋಮಲಿ' ಎಂದು ಹೆಸರಿಟ್ಟರು. ಇನ್ನೂರು ವರ್ಷಗಳು ದಾಟಿ ಹೋದವು. ಅದೇ ಹಡಗು ಇಂಗ್ಲಂಡದ ಈಶಾನ್ಯ ತೀರದ ಹಾರ್ಟ್ಲ್‌ಪೂಲ್ ಎಂಬ ಊರಿನಲ್ಲಿ ಈಗಲೂ ನೀರಿನ ಮೇಲೆ ತೇಲುತ್ತ ನಿಂತಿರುವದು. ಬ್ರಿಟನ್ನಿನಲ್ಲಿ ಇಂದಿಗೂ ತೇಲುತ್ತಿರುವ ಯುದ್ಧನೌಕೆಗಳಲ್ಲಿ ಅದೇ ಅತ್ಯಂತ ಹಳೆಯದು. ಜನರು ಹಣ ಕೊಟ್ಟು ಒಳಗೆ ಹೋಗಿ, ತೋಪಿನ ಅಟ್ಟವನ್ನೂ ನಾವಿಕರು ಮಲಗುತ್ತಿದ್ದ ಇಕ್ಕಟ್ಟಾದ ಸ್ಥಳವನ್ನೂ ನೋಡಿ ಬರುತ್ತಾರೆ.

ವಾಚಕರು ಇದರಲ್ಲಿಯ ಮರ್ಮವನ್ನು ಲಕ್ಷಿಸಬೇಕು. ಮುಂಬಯಿಯ ಬಡಗಿಯು ಕಟ್ಟಿದ ಹಡಗನ್ನು ಮುಂಬಯಿಯವನು ನೋಡಬೇಕಾದರೆ ಇಂಗ್ಲಂಡಕ್ಕೆ ಹೋಗಬೇಕು! ಇದರಲ್ಲಿ ಇಂಗ್ಲಂಡದವರ ಮೇಲೆ ದೂರು ಹೊರಿಸುವಂತಹದೇನೂ ಇಲ್ಲ. ಹಡಗನ್ನು ಹಣ ಕೊಟ್ಟು ಕಟ್ಟಿಸಿಕೊಂಡರು. ಕೆಲಸ ತೀರಿದ ಮೇಲೆ 1897 ರಲ್ಲಿ ಮಾರಿದರು. ಕೊಂಡವನು ಅದನ್ನು ಒಡೆದು ಸೌದೆ ಮಾಡದೆ, 'ಫೂಡ್ರಾಯಾಂ' ಎಂದು ಬೇರೆ ಹೆಸರಿಟ್ಟು, ಹುಡುಗರಿಗೆ ನಾವಿಕವಿದ್ಯೆಯನ್ನು ಕಲಿಸುವ ಶಾಲೆಯನ್ನಾಗಿ ಮಾಡಿದನು. 1986 ರ ವರೆಗೆ ಅದು ಶಾಲೆಯಾಗಿ ನಡೆಯಿತು. ಆಮೇಲೆ ಹಾರ್ಟ್ಲ್‌ಪೂಲಿಗೆ ತಂದು, 1990 ರಿಂದ 2001 ರ ವರೆಗೆ ಹನ್ನೊಂದು ವರ್ಷ ಕುಳಿತು ಜೀರ್ಣೋದ್ಧಾರ ಮಾಡಿದರು. ಬದುಕಿ ಉಳಿದದ್ದು ಮರದ ಗಟ್ಟಿತನದಿಂದಷ್ಟೇ ಅಲ್ಲ; ಒಂದು ತಲೆಮಾರಿನವರು ಇನ್ನೊಂದು ತಲೆಮಾರಿನವರಿಗೆ ಅದನ್ನು ಒಪ್ಪಿಸುತ್ತ ಬಂದುದರಿಂದ.

ಈ ಹಡಗಿಗೆ ಸಂಬಂಧಿಸಿದ ಇನ್ನೊಂದು ಸಂಗತಿಯು ಬಹಳ ಸ್ವಾರಸ್ಯವುಳ್ಳದ್ದು. ಇದರ ನಕ್ಷೆಗಳನ್ನು ಇಂಗ್ಲಂಡದಿಂದ ಮುಂಬಯಿಗೆ ತರುತ್ತಿದ್ದ 'ಜಾವಾ' ಎಂಬ ನೌಕೆಯನ್ನು 1812 ನೆಯ ಡಿಸೆಂಬರದಲ್ಲಿ ಬ್ರಾಝಿಲ ತೀರದಾಚೆ ಅಮೇರಿಕದ 'ಕಾನ್‌ಸ್ಟಿಟ್ಯೂಶನ್' ನೌಕೆಯು ಸೋಲಿಸಿ ಸುಟ್ಟುಹಾಕಿತು. ನಕ್ಷೆಗಳನ್ನು ಎರಡನೆಯ ಸಲ ಕಳಿಸಬೇಕಾಯಿತು. ಹಾಗೆ ಸುಟ್ಟ 'ಕಾನ್‌ಸ್ಟಿಟ್ಯೂಶನ್' ಕೂಡ ಇಂದಿಗೂ ಬಾಸ್ಟನ್ ಪಟ್ಟಣದಲ್ಲಿ ತೇಲುತ್ತಿರುವದು. 1797 ರಲ್ಲಿ ನೀರಿಗಿಳಿದ ಆ ನೌಕೆಯನ್ನು ಒಡೆದುಹಾಕುವರೆಂಬ ಸುದ್ದಿಯು 1830 ರಲ್ಲಿ ಹಬ್ಬಿದಾಗ, ಆಲಿವರ್ ವೆಂಡೆಲ್ ಹೋಮ್ಸ್ ಎಂಬ ತರುಣನು ಬರೆದ ಪದ್ಯವೊಂದು ವರ್ತಮಾನಪತ್ರದಲ್ಲಿ ಅಚ್ಚಾಗಿ ಜನಾಭಿಪ್ರಾಯವನ್ನು ಬಡಿದೆಬ್ಬಿಸಿತು. ಮುಂದೆ 1925 ರ ಸುಮಾರಿಗೆ ಅದು ಮತ್ತೆ ಜೀರ್ಣವಾದಾಗ ಶಾಲೆಯ ಮಕ್ಕಳು ಬಿಡಿ ಕಾಸುಗಳನ್ನು ಕೂಡಿಸಿ ಅದರ ನಿಧಿಗೆ ಕೊಟ್ಟರು. ಮಕ್ಕಳು ಕಾಸು ಕೊಟ್ಟು ಉಳಿಸಿಕೊಂಡ ಹಡಗನ್ನು ಯಾವ ಸರಕಾರವು ತಾನೆ ಹರಾಜಿಗೆ ಇಡುವದು?

ಪರರ ಮಾತನ್ನು ಇಷ್ಟು ಹೇಳಿದ್ದು ನಮ್ಮ ಮನೆಯ ಮಾತಿಗೆ ಬರುವದಕ್ಕೋಸ್ಕರ. 2025 ನೆಯ ಮೇ 21 ರಂದು ನಮ್ಮ ಕಾರವಾರದ ನೌಕಾನೆಲೆಯಲ್ಲಿ 'ಕೌಂಡಿನ್ಯ' ಎಂಬ ಹಾಯಿಹಡಗು ಭಾರತೀಯ ನೌಕಾದಳಕ್ಕೆ ಸೇರಿತು. ಸಾವಿರದೈನೂರು ವರ್ಷಗಳ ಹಿಂದಿನ, ಎಂದರೆ ಕ್ರಿಸ್ತಶಕ ಐದನೆಯ ಶತಮಾನದ ನೌಕೆಯ ಪ್ರತಿರೂಪವದು. ಕೇಂದ್ರದ ಸಂಸ್ಕೃತಿ ಖಾತೆ, ನೌಕಾದಳ ಮತ್ತು ಗೋವೆಯ ಹೋಡಿ ಇನೋವೇಶನ್ಸ್ ಎಂಬ ಹಡಗುಕಟ್ಟುವ ಸಂಸ್ಥೆ ಈ ಮೂವರೊಳಗೆ 2023 ನೆಯ ಜುಲೈದಲ್ಲಿ ಕರಾರು ಆಯಿತು. ಅದೇ ಸಪ್ಟೆಂಬರ 12 ಕ್ಕೆ ತಳದ ಬೆನ್ನುಮರವನ್ನು ಇಟ್ಟರು. 2025 ನೆಯ ಫೆಬ್ರುವರಿಯಲ್ಲಿ ಹಡಗು ನೀರಿಗಿಳಿಯಿತು. ಕೇರಳದ ಕುಶಲಿಯಾದ ಬಾಬು ಶಂಕರನ್ನರ ಮುಂದಾಳುತನದಲ್ಲಿ ಅಲ್ಲಿಯ ಕೆಲಸಗಾರರು ಕೂಡಿ ಇದನ್ನು ಕಟ್ಟಿದರು. ಕಟ್ಟಿದರೆನ್ನುವದಕ್ಕಿಂತ ಹೊಲಿದರೆನ್ನುವದೇ ಸರಿ. ಯಾಕಂದರೆ ಇದರ ಹಲಗೆಗಳನ್ನು ಕಬ್ಬಿಣದ ಮೊಳೆಯಿಂದ ಜಡಿದಿರುವದಿಲ್ಲ, ತೆಂಗಿನ ನಾರಿನ ಹುರಿಯಿಂದ ಹೊಲಿದಿರುವದು.

ಇಂತಹ ಹಡಗನ್ನು ಕಟ್ಟುವ ಕ್ರಮವನ್ನು ಅರಿಯದವರಿಗಾಗಿ ಎರಡು ಮಾತು. ಈಗಿನ ಪದ್ಧತಿಯಲ್ಲಿ ಮೊದಲು ಹಡಗಿನ ಪಕ್ಕೆಲುಬುಗಳನ್ನು ನಿಲ್ಲಿಸಿ, ಆಮೇಲೆ ಅವುಗಳ ಮೇಲೆ ಹಲಗೆ ಜಡಿಯುವರು. ಹೊಲಿದ ಹಡಗಿನಲ್ಲಿ ಇದು ತಿರುವುಮುರುವು. ಮೊದಲು ಹಲಗೆಗಳನ್ನು ಬಾಗಿಸಿ, ಅಂಚಿಗೆ ಅಂಚು ಕೂಡಿಸಿ, ಎರಡೂ ಅಂಚುಗಳಗುಂಟ ಸಾಲಾಗಿ ತೂತು ಕೊರೆಯುವರು. ಸಂದಿಯ ಮೇಲೆ ನಾರಿನ ಸಿವುಡನ್ನಿಟ್ಟು, ಒಳಗೊಬ್ಬ ಹೊರಗೊಬ್ಬ ನಿಂತು ಹುರಿಯನ್ನು ಈ ಕಡೆಯಿಂದ ಆ ಕಡೆಗೆ ಪೋಣಿಸಿ, ಬಿಗಿದೆಳೆದು ಹೊಲಿಯುವರು. ತೂತುಗಳನ್ನು ತುಂಬಿ ರಾಳ ಎಣ್ಣೆಗಳಿಂದ ಮುಚ್ಚುವರು. ಚಿಪ್ಪು ಸಿದ್ಧವಾದ ಮೇಲೆ ಪಕ್ಕೆಲುಬುಗಳನ್ನು ಒಳಗೆ ಸೇರಿಸಿ ಅವನ್ನೂ ಹುರಿಯಿಂದಲೇ ಕಟ್ಟುವರು. ಹಲಗೆಯು ನೀರು ಕುಡಿದು ಉಬ್ಬಿದಂತೆ ಸಂದಿಯು ಇನ್ನಷ್ಟು ಬಿಗಿಯುವದು.

ಸಮುದ್ರದ ಹಡಗಿಗೆ ಕಬ್ಬಿಣವನ್ನು ಉಪಯೋಗಿಸಬಾರದೆಂದು ಭೋಜರಾಜನ ಹೆಸರಿನಲ್ಲಿರುವ 'ಯುಕ್ತಿಕಲ್ಪತರು' ಎಂಬ ಗ್ರಂಥವು ಹೇಳುತ್ತದೆ. ಕಾರಣವೇನೆಂದರೆ, ಸಮುದ್ರದೊಳಗಿನ ಅಯಸ್ಕಾಂತದ ಬಂಡೆಗಳು ಕಬ್ಬಿಣವನ್ನು ಸೆಳೆದು ಹಡಗನ್ನು ಮುಳುಗಿಸುವವಂತೆ! ಕಾರಣವು ಕಟ್ಟುಕಥೆ; ಆದರೆ ಆಚಾರವು ಹುಸಿಯಲ್ಲ. ಹದಿನಾಲ್ಕನೆಯ ಶತಮಾನದಲ್ಲಿ ನಮ್ಮ ಹೊನ್ನಾವರ, ಬಾರಕೂರು, ಮಂಗಳೂರುಗಳನ್ನು ಕಣ್ಣಾರೆ ಕಂಡುಹೋದ ಇಬ್ನ ಬತೂತನು ನಿಜವಾದ ಕಾರಣವನ್ನು ಬರೆದಿಟ್ಟಿರುವನು. ಮೊಳೆಯಿಂದ ಜಡಿದ ಹಡಗು ಬಂಡೆಗೆ ಬಡಿದರೆ ಒಡೆಯುವದು. ಹುರಿಯಿಂದ ಹೊಲಿದದ್ದಾದರೋ ಬಳುಕಿ ತಾಳಿಕೊಳ್ಳುವದು. ನಮ್ಮ ಕರಾವಳಿಯಲ್ಲಿ ಅಲೆ ಹೊಡೆಯುತ್ತಿರುವಾಗ ದೋಣಿಯನ್ನು ಮರಳಿಗೆ ಏರಿಸಬೇಕಾದವನಿಗೆ ಈ ಬಳುಕಿನ ಬೆಲೆಯು ಏನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಕೌಂಡಿನ್ಯದ ನಕ್ಷೆ ಎಲ್ಲಿಂದ ಬಂತು? ಎಲ್ಲಿಂದಲೂ ಬರಲಿಲ್ಲ. ಅಂತಹ ಹಡಗಿನ ಒಂದು ನಕ್ಷೆಯೂ ನಮ್ಮ ದೇಶದಲ್ಲಿ ಉಳಿದಿರುವದಿಲ್ಲ. ಅಜಂತೆಯ ಗುಹೆಯ ಗೋಡೆಯ ಮೇಲೆ ಚಿತ್ರಗಾರನು ಬರೆದ ಒಂದು ಹಡಗಿನ ಚಿತ್ರವೇ ಮುಖ್ಯ ಆಧಾರ. ಚಪ್ಪಟೆಯಾದ ಆ ಚಿತ್ರದಿಂದ ಉದ್ದ ಅಗಲ ಆಳಗಳನ್ನು ಊಹಿಸಿ, ಮದ್ರಾಸಿನ ಐ.ಐ.ಟಿ.ಯಲ್ಲಿ ಸಣ್ಣ ಮಾದರಿಯನ್ನು ನೀರಿನಲ್ಲಿ ಪರೀಕ್ಷಿಸಿ, ಕೂವೆಮರವು ಗಾಳಿಯನ್ನು ತಾಳುವದೋ ಇಲ್ಲವೋ ಎಂಬುದನ್ನು ನೌಕಾದಳದವರೇ ಲೆಕ್ಕ ಹಾಕಿ ಈ ಹಡಗನ್ನು ರೂಪಿಸಬೇಕಾಯಿತು. ಚೌಕ ಹಾಯಿ, ಚುಕ್ಕಾಣಿಯ ಸ್ಥಾನದಲ್ಲಿ ಹಿಂಬದಿಯ ದೊಡ್ಡ ಹುಟ್ಟುಗಳು. ಇಂತಹ ಹಡಗನ್ನು ನಡೆಸಿದ ಅನುಭವವುಳ್ಳ ನಾವಿಕನು ಈ ದೇಶದಲ್ಲಿ ಉಳಿದಿರಲಿಲ್ಲವಾದ್ದರಿಂದ, ನಡೆಸುವವರು ಕೂಡ ಹೊಸದಾಗಿಯೇ ಕಲಿಯಬೇಕಾಯಿತು.

ಇಷ್ಟು ದೊಡ್ಡ ಕರಾವಳಿಯುಳ್ಳ ದೇಶದಲ್ಲಿ ಒಂದು ನಕ್ಷೆಯೂ ಉಳಿಯದೆ ಹೋದುದೇಕೆ? ಈ ಪ್ರಶ್ನೆಯನ್ನು ನಾವು ನಮ್ಮನ್ನೇ ಕೇಳಿಕೊಳ್ಳಬೇಕು. ನಮಗೆ ತೋರುವ ಕಾರಣವು ಹೀಗಿರುವದು. ನಮ್ಮಲ್ಲಿ ಬರೆಯುವವನು ಸಮುದ್ರಕ್ಕೆ ಹೋಗಲಿಲ್ಲ. ಸಮುದ್ರಕ್ಕೆ ಹೋದವನಿಗೆ ಬರೆಯಲು ಕಲಿಸಲಿಲ್ಲ. ಬೌಧಾಯನನು ಸಮುದ್ರಯಾನವನ್ನು ಪತನಕ್ಕೆ ಕಾರಣವಾಗುವ ಕರ್ಮಗಳ ಸಾಲಿನಲ್ಲಿ ಎಣಿಸಿದ್ದಾನೆ. ಆದರೂ ಕೌಂಡಿನ್ಯನೆಂಬ ಬ್ರಾಹ್ಮಣನು ಸಮುದ್ರವನ್ನು ದಾಟಿ, ಮೇಕಾಂಗ್ ನದಿಯ ಮುಖದ ನಾಡಿನಲ್ಲಿ ಸೋಮಾ ಎಂಬ ರಾಣಿಯನ್ನು ಮದುವೆಯಾಗಿ ರಾಜವಂಶವನ್ನು ಸ್ಥಾಪಿಸಿದನೆಂಬ ಕಥೆಯು ನಮಗೆ ತಿಳಿದಿರುವದು. ತಿಳಿದದ್ದು ಯಾರಿಂದ? ಚೀನೀಯರ ಬರವಣಿಗೆಗಳಿಂದಲೂ ಚಂಪಾ ದೇಶದ ಮಿ ಸೋನ್ ಎಂಬಲ್ಲಿಯ 658 ನೆಯ ಇಸವಿಯ ಶಾಸನದಿಂದಲೂ! ಹೋದವನು ನಮ್ಮವನು, ನೆನಪಿಟ್ಟವರು ಅವರು. ಹಡಗಿಗೆ ಅವನ ಹೆಸರನ್ನಿಟ್ಟುದರಿಂದ ಆ ಸಾಲದಲ್ಲಿ ಸ್ವಲ್ಪವಾದರೂ ತೀರಿತೆಂದು ನಾವು ಸಮಾಧಾನ ಪಡುತ್ತೇವೆ.

ಕನ್ನಡಿಗರಿಗಂತೂ ಈ ಹಡಗು ದೂರದ್ದಲ್ಲ. ಅದರ ಹಾಯಿಯ ಮೇಲೆ ಸೂರ್ಯನ ಜೊತೆಗೆ ಗಂಡಭೇರುಂಡವಿರುವದು. ಬಳ್ಳಿಗಾವೆಯಲ್ಲಿ 1047 ರಲ್ಲಿ ನಿಲ್ಲಿಸಿದ ಕಂಬದ ತುದಿಯಲ್ಲಿ ನಿಂತಿರುವ, ಇಂದು ನಮ್ಮ ರಾಜ್ಯದ ಮುದ್ರೆಯಲ್ಲಿಯೂ ಇರುವ ಆ ಎರಡು ತಲೆಯ ಪಕ್ಷಿಯೇ ಅದು. ಮುಂಭಾಗದಲ್ಲಿ ಸಿಂಹಯಾಳಿ, ಅಟ್ಟದ ಮೇಲೆ ಹರಪ್ಪಾ ಮಾದರಿಯ ಕಲ್ಲಿನ ಲಂಗರು. ಅದಕ್ಕೆ ಗೊತ್ತುಮಾಡಿದ ತಾಣವು ಕಾರವಾರ. ಆ ನೌಕಾನೆಲೆಯ ಹೆಸರು ಕದಂಬ. ಹೊನ್ನಾವರ, ಭಟ್ಕಳ, ಬಸರೂರು, ಮಂಗಳೂರುಗಳಿಂದ ಅಕ್ಕಿ ಮೆಣಸುಗಳನ್ನು ಕಳಿಸಿ ಅರಬಸ್ತಾನದ ಕುದುರೆಗಳನ್ನು ವಿಜಯನಗರಕ್ಕೆ ತರಿಸಿಕೊಂಡ ನಾಡು ನಮ್ಮದು. ಮುಂಬಯಿಯ ಹಡಗುಕಟ್ಟೆಗೆ ಕಾನಡಾ ಜಿಲ್ಲೆಯ ಕಾಡುಗಳಿಂದ ಕೂಡ ಸಾಗುವಾನಿ ಹೋಗುತ್ತಿದ್ದಿತು. ಆದ್ದರಿಂದ ಈ ಹಡಗಿನ ಮುಂದಿನ ಗತಿಯನ್ನು ಕುರಿತು ಮಾತನಾಡುವ ಅಧಿಕಾರವು ನಮಗಿರುವದು.

2025 ನೆಯ ಡಿಸೆಂಬರ 29 ಕ್ಕೆ ಕೌಂಡಿನ್ಯವು ಪೋರಬಂದರವನ್ನು ಬಿಟ್ಟು, 2026 ನೆಯ ಜನೆವರಿ 14 ಕ್ಕೆ ಮಸ್ಕತ್ತವನ್ನು ಮುಟ್ಟಿತು. ಹೊಲಿಗೆಯ ಹಡಗು ಸಮುದ್ರವನ್ನು ದಾಟಬಲ್ಲದೆಂಬುದು ಕಣ್ಣೆದುರಿಗೆ ಸಿದ್ಧವಾಯಿತು. ನಮ್ಮ ನಾವಿಕರಿಗೆ ಮನಃಪೂರ್ವಕವಾದ ಅಭಿನಂದನೆಗಳು. ಆದರೆ ಇದರಿಂದ ಏನು ಸಿದ್ಧವಾಯಿತು, ಏನು ಆಗಲಿಲ್ಲ ಎಂಬ ವಿವೇಕವು ನಮಗಿರಬೇಕು. ಚಿತ್ರವೊಂದನ್ನು ನೋಡಿ ಮಾಡಿದ ಪ್ರತಿರೂಪವು ಪ್ರಾಚೀನ ನೌಕೆಯ ಸಾಕ್ಷಾತ್ ಸ್ವರೂಪವಲ್ಲ. ಅದು ಬಲ್ಲವರು ಮಾಡಿದ ಊಹೆ. ಊಹೆಯನ್ನು ಸಮುದ್ರಕ್ಕೆ ಇಳಿಸಿ ಪರೀಕ್ಷಿಸಿದರೆಂಬುದೇ ಇದರ ದೊಡ್ಡಸ್ತಿಕೆ. 'ನಮ್ಮ ಹಿರಿಯರಿಗೆ ಎಲ್ಲವೂ ಗೊತ್ತಿದ್ದಿತು' ಎಂದು ಎದೆ ತಟ್ಟಿಕೊಂಡು ಸುಮ್ಮನಾಗುವವರಿಂದ ಆ ಹಿರಿಯರಿಗೆ ಯಾವ ಗೌರವವೂ ಸಲ್ಲದು. ಅವರಿಗೆ ಗೊತ್ತಿದ್ದುದನ್ನು ನಾವು ಕಳೆದುಕೊಂಡೆವೆಂಬುದೇ ನಮ್ಮ ಮೇಲಿನ ಆರೋಪ.

ಇದಕ್ಕಿಂತಲೂ ಮೊದಲು ಎರಡು ಸಲ ಇಂತಹ ಪ್ರಯತ್ನಗಳಾದವು. ಎರಡಕ್ಕೂ ಹಣ ಕೊಟ್ಟವರು ಓಮಾನ ದೇಶದವರು. 1980 ನೆಯ ನವೆಂಬರದಲ್ಲಿ ಟಿಮ್ ಸೆವೆರಿನ್ ಎಂಬ ಸಾಹಸಿಯು 'ಸೋಹಾರ' ಎಂಬ ಹೊಲಿದ ಹಡಗಿನಲ್ಲಿ ಮಸ್ಕತ್ತಿನಿಂದ ಹೊರಟು ಮರುವರ್ಷದ ಜುಲೈಯಲ್ಲಿ ಚೀನದ ಕ್ಯಾಂಟನ್ ಬಂದರವನ್ನು ಸೇರಿದನು. ಆ ಹಡಗಿನ ಮರವು ಮಲಬಾರದ್ದು, ಹೊಲಿದ ಕೈಗಳು ಲಕ್ಷದ್ವೀಪದವು. ಇಂದು ಅದು ಮಸ್ಕತ್ತಿನಲ್ಲಿ ಹಾದಿಯ ವೃತ್ತವೊಂದರ ನಡುವೆ ನಿಂತಿರುವದು. 2010 ರಲ್ಲಿ 'ಮಸ್ಕತ್ತಿನ ರತ್ನ' ಎಂಬ ಅರ್ಥದ ಹೆಸರುಳ್ಳ ಇನ್ನೊಂದು ಹಡಗು ಕೊಚ್ಚಿಯ ಮೇಲಿಂದ ಸಿಂಗಾಪುರಕ್ಕೆ ಹೋಯಿತು. ಇಂಡೋನೇಶಿಯದ ಬೆಲಿತುಂಗ ದ್ವೀಪದ ಬಳಿ 1998 ರಲ್ಲಿ ದೊರೆತ ಒಂಬತ್ತನೆಯ ಶತಮಾನದ ಮುಳುಗಿದ ಹಡಗೇ ಅದಕ್ಕೆ ಮಾದರಿ. ಓಮಾನದ ಸುಲ್ತಾನರು ಅದನ್ನು ಸಿಂಗಾಪುರಕ್ಕೆ ಉಡುಗೊರೆಯಾಗಿ ಕೊಟ್ಟರು. ಅಲ್ಲಿ ವಸ್ತುಸಂಗ್ರಹಾಲಯದಲ್ಲಿ ಅದನ್ನು ಇಟ್ಟರು. ಅಂತೂ ನಮ್ಮ ಕಸುಬುದಾರನ ಕಸುಬನ್ನು ಗುರುತಿಸಿ ಅನ್ನ ಕೊಟ್ಟವರು ಮೊದಲು ಹೊರಗಿನವರು. ಈಗ ಮೊದಲನೆಯ ಸಲ ನಮ್ಮ ಸರಕಾರವು ಕೊಟ್ಟಿರುವದು. ಆ ಅನ್ನವು ಒಂದೇ ಹಡಗಿಗೆ ಮುಗಿಯಬಾರದು.

ಹಡಗನ್ನು ಕಟ್ಟುವದಕ್ಕಿಂತ ಇಟ್ಟುಕೊಳ್ಳುವದು ಕಠಿಣ. ಸ್ವೀಡನ್ ದೇಶದವರು 1628 ರಲ್ಲಿ ಮುಳುಗಿದ 'ವಾಸಾ' ನೌಕೆಯನ್ನು 1961 ರಲ್ಲಿ ಮೇಲೆತ್ತಿ, ಮರವು ಒಣಗಿ ಬಿರಿಯದಂತೆ ಹದಿನೇಳು ವರ್ಷಗಳ ವರೆಗೆ ಔಷಧದ್ರವವನ್ನು ಸಿಂಪಡಿಸಿ, 1990 ರಲ್ಲಿ ಸ್ಟಾಕ್‌ಹೋಮಿನಲ್ಲಿ ಅದಕ್ಕೊಂದು ಮನೆಯನ್ನೇ ಕಟ್ಟಿದರು. ಹತ್ತು ವರ್ಷಗಳಾಗುವಷ್ಟರಲ್ಲಿ, ನೋಡಲು ಬಂದವರ ಉಸಿರಿನ ಮತ್ತು ಒದ್ದೆ ಬಟ್ಟೆಯ ಪಸೆಯಿಂದಲೇ ಮರಕ್ಕೆ ಕೇಡು ತಗಲುತ್ತಿರುವದು ಕಂಡುಬಂದು, ಗಾಳಿಯ ವ್ಯವಸ್ಥೆಯನ್ನೆಲ್ಲ ಬದಲಿಸಬೇಕಾಯಿತು. ಲಂಡನ್ನಿನ ಗ್ರೀನಿಚದಲ್ಲಿರುವ 1869 ರ 'ಕಟಿ ಸಾರ್ಕ್' ಎಂಬ ಚಹದ ಹಡಗಿಗೆ 2007 ನೆಯ ಮೇ 21 ರಂದು ಬೆಂಕಿ ಬಿದ್ದಿತು; ದುರಸ್ತಿಗಾಗಿ ಬಹಳಷ್ಟು ಹಲಗೆಗಳನ್ನು ಮೊದಲೇ ತೆಗೆದಿಟ್ಟಿದ್ದರಿಂದ ಮಾತ್ರ ಉಳಿಯಿತು. 2012 ರಲ್ಲಿ ಮತ್ತೆ ಅದನ್ನು ಜನರಿಗೆ ತೆರೆದರು.

ನಮ್ಮ ಉದಾಹರಣೆ ಬೇಕೆ? 1971 ರ ಯುದ್ಧದಲ್ಲಿ ಬಂಗಾಲದ ಉಪಸಾಗರದಲ್ಲಿ ಕೀರ್ತಿ ಗಳಿಸಿದ ಮೊದಲನೆಯ 'ವಿಕ್ರಾಂತ' ನೌಕೆಯು 1997 ರಲ್ಲಿ ಸೇವೆಯಿಂದ ನಿವೃತ್ತವಾಯಿತು. 2001 ರಿಂದ ಮುಂಬಯಿಯಲ್ಲಿ ಅದನ್ನು ವಸ್ತುಸಂಗ್ರಹಾಲಯವೆಂದು ಜನರಿಗೆ ತೋರಿಸಿದರು. ದುರಸ್ತಿಗೆ ಹಣ ಹಾಕುವವರು ಯಾರೂ ಗಟ್ಟಿಯಾಗಿ ನಿಲ್ಲಲಿಲ್ಲ. 2012 ರಲ್ಲಿ ಅಪಾಯವೆಂದು ಮುಚ್ಚಿದರು. 2014 ರಲ್ಲಿ ಹರಾಜಿನಲ್ಲಿ ಮಾರಿ ಒಡೆಯಲು ಕೊಟ್ಟರು. ಅದು ಉಕ್ಕಿನ ನೌಕೆ. ಉಕ್ಕನ್ನೇ ಉಳಿಸಿಕೊಳ್ಳಲಾರದ ನಾವು ನಾರನ್ನು ಉಳಿಸುವೆವೆ? ಕಾಲಕಾಲಕ್ಕೆ ಎಣ್ಣೆಯೂಡಿ, ಸಡಿಲಾದಲ್ಲಿ ಬಿಚ್ಚಿ ಹೊಸ ಹುರಿಯಿಂದ ಹೊಲಿಯದಿದ್ದರೆ ನಾರಿನ ಹಡಗಿಗೆ ಆಯುಷ್ಯವಿಲ್ಲ.

ಆದರೆ ಈ ದೌರ್ಬಲ್ಯದಲ್ಲಿಯೇ ಅದರ ಉಪಯೋಗವೂ ಅಡಗಿರುವದು. ನಮ್ಮ ಊರುಗಳ ತೇರನ್ನು ನೋಡಿರಿ. ಈ ವರ್ಷ ಒಂದು ಗಾಲಿ, ಮುಂದಿನ ವರ್ಷ ಒಂದು ಅಚ್ಚು, ಇನ್ನೊಂದು ವರ್ಷ ಹಗ್ಗ ಹೀಗೆ ಬದಲಾಗುತ್ತ ಹೋದರೂ ತೇರು ಅದೇ ತೇರು. ಪ್ರತಿವರ್ಷವೂ ಕೆಲಸ ಬೀಳುವದರಿಂದಲೇ ತೇರಿನ ಬಡಗಿಯ ಮನೆತನವು ಊರಿನಲ್ಲಿ ಉಳಿಯುವದು. ಒಮ್ಮೆ ಮಾಡಿ ಗಾಜಿನ ಮನೆಯಲ್ಲಿ ಇಟ್ಟ ತೇರಿಗೆ ಬಡಗಿಯು ಬೇಡ; ಐವತ್ತು ವರ್ಷಗಳ ಮೇಲೆ ಬೇಕಾದರೆ ಅವನು ಸಿಗುವದೂ ಇಲ್ಲ. ಹಡಗಿನ ಮಾತೂ ಇದೇ. ಹಲಗೆ ನಾರುಗಳನ್ನು ಮತ್ತೆ ತರಬಹುದು, ಹೊಲಿಯುವ ಕೈಗಳನ್ನು ತರುವದು ಎಲ್ಲಿಂದ?

ಆದಕಾರಣ ಕೇಂದ್ರ ಮತ್ತು ರಾಜ್ಯ ಸರಕಾರಗಳ ಮುಂದೆ ನಾವು ಮೂರು ಸೂಚನೆಗಳನ್ನು ಇಡುತ್ತೇವೆ.

ಮೊದಲನೆಯದು : ಕೌಂಡಿನ್ಯವು ಯಾನದಲ್ಲಿ ಇಲ್ಲದ ಕಾಲದಲ್ಲಿ, ನಿಯತವಾದ ದಿನಗಳಲ್ಲಿ, ಕಾರವಾರದಲ್ಲಿ ಅದನ್ನು ಜನರು ಬಂದು ನೋಡುವಂತಾಗಬೇಕು. ನೌಕಾನೆಲೆಯೊಳಗೆ ಎಲ್ಲರನ್ನೂ ಬಿಡಲಾಗದೆಂಬುದು ನಮಗೆ ತಿಳಿಯದ ಮಾತಲ್ಲ. ಆದರೆ ಊರಿನ ಕಡಲದಂಡೆಯ ಮೇಲೆ 'ಚಪಲ' ಎಂಬ ಹಳೆಯ ಕ್ಷಿಪಣಿ ನೌಕೆಯನ್ನು ಜನರಿಗಾಗಿ ನಿಲ್ಲಿಸಿದ ಉದಾಹರಣೆಯು ಅಲ್ಲಿಯೇ ಇರುವದು. ಮಳೆಗಾಲದಲ್ಲಿ ದೋಣಿಗಳನ್ನು ದಡಕ್ಕೆಳೆದು ಮಡಲು ಹೊದಿಸಿ ಇಡುವದು ನಮ್ಮ ಕರಾವಳಿಯ ಹಳೆಯ ರೂಢಿ. ಅದೇ ಮೇರೆಗೆ ಈ ಹಡಗಿಗೂ ಒಂದು ಚಪ್ಪರವಿರಲಿ. ಮಳೆಗಾಲದ ದುರಸ್ತಿಯ ಕೆಲಸವನ್ನೇ ಜನರು ನೋಡಲಿ. ಹೊಲಿಯುತ್ತಿರುವ ಹಡಗನ್ನು ನೋಡಿದ ಹುಡುಗನಿಗೆ ಹತ್ತು ಪಾಠಗಳನ್ನು ಓದಿದ್ದಕ್ಕಿಂತ ಹೆಚ್ಚು ತಿಳಿಯುವದು.

ಎರಡನೆಯದು : ಖಾರವಿ, ಮೊಗವೀರ, ಅಂಬಿಗ ಮುಂತಾದ ಸಮುದ್ರಜೀವಿ ಸಮಾಜಗಳ ಕೆಲವು ತರುಣರಿಗೆ ವಿದ್ಯಾರ್ಥಿವೇತನವನ್ನು ಕೊಟ್ಟು, ಇದನ್ನು ಹೊಲಿದ ಕುಶಲಿಗಳ ಕೈಕೆಳಗೆ ಕಸುಬು ಕಲಿಯಲು ಇಡಬೇಕು. ಟ್ರಿಂಕೋಮಲಿಯು ಎಂಬತ್ತು ವರ್ಷಗಳಿಗೂ ಹೆಚ್ಚು ಕಾಲ ಶಾಲೆಯಾಗಿದ್ದುದರಿಂದ ಬದುಕಿತೆಂಬುದನ್ನು ಅಧಿಕಾರಿಗಳು ಮರೆಯಬಾರದು.

ಮೂರನೆಯದು : ಈ ಸಲವಾದರೂ ಬರೆದಿಡಬೇಕು. ಯಾವ ಹಲಗೆಗೆ ಯಾವ ಮರ, ಹುರಿಯನ್ನು ಹೊಸೆದದ್ದು ಹೇಗೆ, ಹೊಲಿಗೆಯು ಎಲ್ಲಿ ಸಡಿಲಾಯಿತು, ಗಾಳಿ ತಿರುಗಿದಾಗ ಹಡಗು ಹೇಗೆ ನಡೆಯಿತು ಎಂಬುದೆಲ್ಲವೂ ನಕ್ಷೆಗಳೊಡನೆ ಅಚ್ಚಾಗಬೇಕು, ಕನ್ನಡದಲ್ಲಿಯೂ ಅಚ್ಚಾಗಬೇಕು. ಅದರ ಜೊತೆಗೆ ನಮ್ಮ ಮಂಜಿ, ಪತ್ತೇಮಾರಿಗಳ ಹಾಯಿಯ ಕಾಲವನ್ನು ಕಂಡ ಮುದುಕ ತಂಡೇಲರು ಯಾವ ಊರಿನಲ್ಲಿ ಇನ್ನೂ ಇದ್ದರೂ, ಅವರ ಬಾಯಲ್ಲಿಯ ಮಾತುಗಳನ್ನು ನಮ್ಮ ವಿಶ್ವವಿದ್ಯಾಲಯದವರು ಹೋಗಿ ಬರೆದುಕೊಂಡು ಬರಬೇಕು. ಇದಕ್ಕೆ ದೊಡ್ಡ ಮೊತ್ತವು ಬೇಕಾಗಿಲ್ಲ; ಇಬ್ಬರು ವಿದ್ಯಾರ್ಥಿಗಳೂ ಒಂದು ಬೇಸಿಗೆಯೂ ಸಾಕು. ಅಂತಹ ತಂಡೇಲರು ಕಾಯ್ದುಕೊಂಡು ಕುಳಿತಿರಲಾರರು.

ಗುಜರಾತದ ಲೋಥಾಲದಲ್ಲಿ ರಾಷ್ಟ್ರದ ನೌಕಾಪರಂಪರೆಗಾಗಿ ದೊಡ್ಡದೊಂದು ಸಂಗ್ರಹಾಲಯದ ಕೆಲಸವನ್ನು ಕೈಕೊಂಡಿರುವರು. ಅದು ಒಳ್ಳೆಯ ಮಾತೇ. ಆದರೆ ಅಲ್ಲೊಂದು ಇರುವದೆಂದು ಇಲ್ಲಿ ಬೇಡವೆಂಬ ವಾದವನ್ನು ಯಾರೂ ಹೂಡದಿರಲಿ. ಹಾಯಿಯ ಮೇಲೆ ನಮ್ಮ ಗಂಡಭೇರುಂಡವನ್ನು ಬರೆದುದಕ್ಕೆ ಹಿಗ್ಗುವ ಕನ್ನಡಿಗರು, ಆ ಹಾಯಿಯು ಹರಿದರೆ ಹೊಲಿಯುವವರು ಯಾರು ಎಂಬುದನ್ನೂ ಈಗಲೇ ಕೇಳಬೇಕು. ಕೌಂಡಿನ್ಯವು ಮಸ್ಕತ್ತವನ್ನು ಮುಟ್ಟಿತು, ಸಂತೋಷ. ಅಂಕೋಲೆಯ, ಕುಮಟೆಯ, ಧಾರವಾಡದ ಹುಡುಗನು ಕಾರವಾರಕ್ಕೆ ಬಂದು ಅದರ ಹಲಗೆಯನ್ನು ತನ್ನ ಕೈಯಿಂದ ಮುಟ್ಟುವದು ವರ್ಷದ ಯಾವ ಯಾವ ದಿನ, ಅದರ ಹೊಣೆಯು ಯಾವ ಖಾತೆಯದು ಎಂಬುದನ್ನು ಸರಕಾರದವರು ಈ ಮಳೆಗಾಲಕ್ಕಿಂತ ಮೊದಲೇ ಪ್ರಕಟಿಸಲಿ.